ಮಕಾಡೆ ಬಿದ್ದ ಪ್ಯಾಕೆಟ್ ತಿಂಡಿ ಕಂಪನಿಯ ಷೇರು ಕೊಳ್ಳಬೇಕಾ? ದುಡ್ಡು ಹಾಕುವ ಮುನ್ನ ನೋಡಬೇಕಾದ್ದೆಲ್ಲ

ತಿಂಡಿ ಕಂಪನಿಯ ಷೇರು ಬಿದ್ದಾಗ ಕೈ ಸುಮ್ನೆ ಇರುವುದಿಲ್ಲ. ಉಕ್ಕಿನ ಕಂಪನಿಯೋ ಔಷಧಿ ಕಂಪನಿಯೋ ಬಿದ್ದರೆ ನಮಗೆ ಅದರ ಗೊಡವೆ ಬೇಡ. ಆದರೆ ಬಿಸ್ಕೆಟ್, ನೂಡಲ್ಸ್, ಮಸಾಲೆ ಪುಡಿ ಹಾಗಲ್ಲ. ಹೆಸರು ಗೊತ್ತು, ರುಚಿ ಗೊತ್ತು, ಅಂಗಡಿಯಲ್ಲಿ ಕಣ್ಣಿಗೆ ಬೀಳುತ್ತದೆ. 400 ರೂಪಾಯಿ ಇದ್ದ ಷೇರು 40ಕ್ಕೆ ಬಂದಿದೆ, ಜನ ತಿನ್ನೋದೇನು ಬಿಡ್ತಾರಾ, ಇವತ್ತಲ್ಲ ನಾಳೆ ಏಳಲೇಬೇಕು ಅಂತ ಅನ್ನಿಸುತ್ತದೆ.

ಜನ ತಿನ್ನುವುದು ಬಿಡುವುದಿಲ್ಲ, ನಿಜ. ಕಂಪನಿ ಏಳಲೂಬಹುದು. ಆದರೆ ಕಂಪನಿ ಉಳಿಯುವುದೇ ಬೇರೆ, ಅದರ ಹಳೇ ಷೇರುದಾರ ಉಳಿಯುವುದೇ ಬೇರೆ. ಕಾರ್ಖಾನೆ ಓಡುತ್ತಲೇ ಇರುತ್ತದೆ, ಪೊಟ್ಟಣ ಅಂಗಡಿಗೆ ಬರುತ್ತಲೇ ಇರುತ್ತದೆ, ಷೇರು ಹಿಡಿದವನ ಕೈಯಲ್ಲಿ ಮಾತ್ರ ಏನೂ ಉಳಿದಿರುವುದಿಲ್ಲ. ಇದು ನಮ್ಮ ದೇಶದಲ್ಲೇ ಆಗಿದೆ. ಆ ಎರಡನ್ನು ಬೇರೆ ಮಾಡಿ ನೋಡುವ ದಾರಿ ಇಲ್ಲಿದೆ. ನಾನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರನಲ್ಲ. ಯಾವ ಷೇರನ್ನೂ ಕೊಳ್ಳಿ, ಮಾರಿ ಅಂತ ಹೇಳುತ್ತಿಲ್ಲ.

ಹಂತ 1: ಪೊಟ್ಟಣದ ಮೇಲಿನ ಹೆಸರು ಯಾರದು?

ಮೊದಲ ಕೆಲಸ ಇದೇ. ಐದು ನಿಮಿಷ ಸಾಕು, ಆದರೂ ಬಹಳ ಜನ ಮಾಡುವುದಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಪಾರ್ಲೆ-ಜಿ ಬಿಸ್ಕೆಟ್ ದಾಖಲೆ ಮಾರಾಟ ಕಂಡಿತು ಅಂತ ಸುದ್ದಿ ಬಂತು. ಕೂಡಲೇ ಪಾರ್ಲೆ ಇಂಡಸ್ಟ್ರೀಸ್ ಅನ್ನುವ ಷೇರು ಏರತೊಡಗಿತು. ಆ ಕಂಪನಿಗೂ ಬಿಸ್ಕೆಟ್ಟಿಗೂ ಏನೇನೂ ಸಂಬಂಧವಿಲ್ಲ. ಪಾರ್ಲೆ-ಜಿ ಮಾಡುವ ಕಂಪನಿ ಷೇರುಪೇಟೆಯಲ್ಲಿ ಲಿಸ್ಟೇ ಆಗಿಲ್ಲ!

ಕೊಹಿನೂರ್ ಅಕ್ಕಿಯದು ಇನ್ನೂ ಸೂಕ್ಷ್ಮ. 2022ರ ಮೇನಲ್ಲಿ ಅದಾನಿ ವಿಲ್ಮರ್ ಕಂಪನಿ ಕೊಹಿನೂರ್ ಬ್ರ್ಯಾಂಡಿನ ಭಾರತದ ಹಕ್ಕನ್ನು ಕೊಂಡಿತು. ಅದನ್ನು ಮಾರಿದ್ದು ಮೆಕ್‌ಕಾರ್ಮಿಕ್ ಅನ್ನುವ ವಿದೇಶಿ ಕಂಪನಿ. ಸಾಲದಲ್ಲಿ ಮುಳುಗಿದ್ದ ಕೊಹಿನೂರ್ ಫುಡ್ಸ್ ಅಲ್ಲ. ಆದರೂ ಆ ದಿನಗಳಲ್ಲಿ ಕೊಹಿನೂರ್ ಫುಡ್ಸ್ ಷೇರು ದಿನಕ್ಕೊಂದು ಅಪ್ಪರ್ ಸರ್ಕ್ಯೂಟ್ (ಒಂದು ದಿನದಲ್ಲಿ ಏರಬಹುದಾದ ಗರಿಷ್ಠ ಮಿತಿ) ಹೊಡೆಯುತ್ತಿತ್ತು. ಹೆಸರು ಒಂದೇ ಇದ್ದರೆ ಸಾಕಲ್ಲ ನಮ್ಮ ಜನಕ್ಕೆ.

ಹಾಗಾಗಿ ಪೊಟ್ಟಣದ ಹಿಂಬದಿ ತಿರುಗಿಸಿ. ತಯಾರಿಸಿದವರು ಯಾರು, ಮಾರುವವರು ಯಾರು ಅಂತ ಪೂರ್ತಿ ಹೆಸರು ಇರುತ್ತದೆ. ಎಂಟಿಆರ್ ಅಂದರೆ ನಮಗೆ ಲಾಲ್‌ಬಾಗ್ ರಸ್ತೆಯ ಹೋಟೆಲ್ ನೆನಪಾಗುತ್ತದೆ. ಪೊಟ್ಟಣದ ಎಂಟಿಆರ್ 2007ರಿಂದ ನಾರ್ವೆಯ ಆರ್ಕ್ಲಾ ಕೈಯಲ್ಲಿದೆ. ಹೋಟೆಲ್ ಬೇರೆ, ಪೊಟ್ಟಣ ಬೇರೆ.

ಇನ್ನೊಂದು ಮೋಸದ ಜಾಗವೂ ಇದೆ. ಕೆಲವು ಕಡೆ ಬ್ರ್ಯಾಂಡ್ ಲಿಸ್ಟೆಡ್ ಕಂಪನಿಯ ಹೆಸರಿನಲ್ಲಿ ಇರುವುದೇ ಇಲ್ಲ. ಮಾಲೀಕರ ಕುಟುಂಬದ ಖಾಸಗಿ ಕಂಪನಿಯ ಹೆಸರಿನಲ್ಲಿರುತ್ತದೆ, ಲಿಸ್ಟೆಡ್ ಕಂಪನಿ ಅದಕ್ಕೆ ರಾಯಲ್ಟಿ ಕಟ್ಟುತ್ತದೆ. ವಾರ್ಷಿಕ ವರದಿಯಲ್ಲಿ ‘ರಿಲೇಟೆಡ್ ಪಾರ್ಟಿ’ (ಮಾಲೀಕರಿಗೆ ಸಂಬಂಧಪಟ್ಟವರ ಜೊತೆಗಿನ ವ್ಯವಹಾರ) ಅನ್ನುವ ಟಿಪ್ಪಣಿ ಹುಡುಕಿ ಓದಿ. ಕೇಂದ್ರ ಸರ್ಕಾರದ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೂ ಒಡೆಯ ಯಾರೆಂದು ಸಿಗುತ್ತದೆ. ಕಷ್ಟದಲ್ಲಿರುವ ಕಂಪನಿಗೆ ಬ್ರ್ಯಾಂಡೇ ಸ್ವಂತವಲ್ಲ ಅಂದರೆ ನಾನು ಅಲ್ಲಿಗೇ ಪುಸ್ತಕ ಮುಚ್ಚುತ್ತೇನೆ. ಮುಂದಿನ ಹಂತಗಳೇ ಬೇಡ.

ಹಂತ 2: ಕಾಯಿಲೆ ಯಾವುದು?

‘ಕಷ್ಟದಲ್ಲಿದೆ’ ಅನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿ ಅಡಗಿರುತ್ತವೆ. ದಿಢೀರ್ ಬಂದ ಜ್ವರ ಇರಬಹುದು, ಒಳಗೊಳಗೇ ಸವೆಸುವ ಕಾಯಿಲೆ ಇರಬಹುದು, ಸಾಲ ಇರಬಹುದು.

ಜ್ವರಕ್ಕೆ 2015ರ ಮ್ಯಾಗಿಗಿಂತ ಒಳ್ಳೆ ಉದಾಹರಣೆ ಇಲ್ಲ. ಸೀಸದ ಅಂಶ ಮಿತಿ ಮೀರಿದೆ ಅಂತ ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಮಾರಾಟ ನಿಲ್ಲಿಸಿತು. ನೆಸ್ಲೆ ಇಂಡಿಯಾ ಅಂಗಡಿಗಳಿಂದ ಮಾಲು ವಾಪಸ್ ತರಿಸಿ, 38,000 ಟನ್ನಿಗೂ ಜಾಸ್ತಿ ನೂಡಲ್ಸನ್ನು ನಾಶಮಾಡಿತು. ಜೂನ್ ತ್ರೈಮಾಸಿಕದಲ್ಲಿ 64 ಕೋಟಿ ರೂಪಾಯಿ ನಷ್ಟ ತೋರಿಸಿತು. ಆಗಸ್ಟ್ 13ಕ್ಕೆ ಬಾಂಬೆ ಹೈಕೋರ್ಟ್ ನಿಷೇಧ ರದ್ದು ಮಾಡಿ, ಹೊಸದಾಗಿ ಪರೀಕ್ಷೆ ಮಾಡಿಸಿ ಅಂದಿತು. ಪರೀಕ್ಷೆ ಪಾಸಾಯಿತು. ತಯಾರಿಕೆ ಮತ್ತೆ ಶುರುವಾದ ಮೊದಲ ಮೂರು ಕಾರ್ಖಾನೆಗಳಲ್ಲಿ ನಮ್ಮ ನಂಜನಗೂಡಿನದೂ ಒಂದು. ನವೆಂಬರ್‌ನಲ್ಲಿ ಮ್ಯಾಗಿ ಅಂಗಡಿಗೆ ಬಂತು. 

ಆ ವರ್ಷ ಕಂಪನಿಯ ಮಾರಾಟ ಸುಮಾರು 9,800 ಕೋಟಿಯಿಂದ ಸುಮಾರು 8,100 ಕೋಟಿಗೆ ಇಳಿಯಿತು. ದೊಡ್ಡ ಪೆಟ್ಟೇ. ಆದರೂ ಕಂಪನಿ ಯಾಕೆ ಉಳಿಯಿತು? ಹೇಳಿಕೊಳ್ಳುವಂಥ ಸಾಲ ಇರಲಿಲ್ಲ. ಕಾಫಿ, ಹಾಲಿನ ಪುಡಿ, ಚಾಕಲೇಟ್ ಮಾರಾಟ ನಡೆದೇ ಇತ್ತು. ಮಕ್ಕಳು ಮ್ಯಾಗಿಗಾಗಿ ಕಾಯುತ್ತಿದ್ದರು. ಉಳಿದುಕೊಳ್ಳಲು ಹೊಸ ಷೇರು ಹಂಚಿ ದುಡ್ಡು ಎತ್ತುವ ಗತಿಯೂ ಬರಲಿಲ್ಲ. ಆವತ್ತು ಷೇರು ಹಿಡಿದಿದ್ದವನ ಪಾಲು ಚೂರೂ ತೆಳ್ಳಗಾಗಲಿಲ್ಲ.

ಸವೆಸುವ ಕಾಯಿಲೆಗೆ ಅಮೆರಿಕದ ಕ್ರಾಫ್ಟ್ ಹೈಂಜ್ ನೋಡಿ. 2015ರಲ್ಲಿ ವಾರನ್ ಬಫೆಟ್ ಅವರ ಬರ್ಕ್‌ಷೈರ್ ಮತ್ತು ಬ್ರೆಜಿಲ್ ಮೂಲದ 3ಜಿ ಕ್ಯಾಪಿಟಲ್ ಸೇರಿ ಕ್ರಾಫ್ಟ್ ಮತ್ತು ಹೈಂಜ್ ಅನ್ನುವ ಎರಡು ಹಳೇ ಕಂಪನಿಗಳನ್ನು ಒಂದು ಮಾಡಿದರು. 3ಜಿಯವರ ಮಂತ್ರ ಒಂದೇ: ಖರ್ಚು ಕಡಿಮೆ ಮಾಡು. ಪ್ರತಿ ವರ್ಷ ಬಜೆಟ್ಟನ್ನು ಸೊನ್ನೆಯಿಂದ ಶುರು ಮಾಡು. ಲಾಭದ ಪ್ರಮಾಣ ಚೆನ್ನಾಗಿಯೇ ಕಂಡಿತು. ಆದರೆ ಜನರ ಬಾಯಿರುಚಿ ಬದಲಾಗುತ್ತಿತ್ತು, ಸೂಪರ್ ಮಾರ್ಕೆಟ್‌ಗಳು ತಮ್ಮದೇ ಅಗ್ಗದ ಬ್ರ್ಯಾಂಡ್ ಇಡತೊಡಗಿದ್ದವು, ಹೊಸ ಪದಾರ್ಥಕ್ಕೆ ಹಾಕಬೇಕಾದ ದುಡ್ಡಿಗೆ ಕತ್ತರಿ ಬಿದ್ದಿತ್ತು. 2019ರ ಫೆಬ್ರವರಿ 21ರಂದು ಲೆಕ್ಕದ ಪುಸ್ತಕದಲ್ಲಿ ಬರೆದಿದ್ದ ಬ್ರ್ಯಾಂಡುಗಳ ಬೆಲೆಯಲ್ಲಿ 1,540 ಕೋಟಿ ಡಾಲರ್ ಅಳಿಸಿಹಾಕಿದ್ದೇವೆ ಅಂತ ಕಂಪನಿ ಹೇಳಿತು. ಮರುದಿನ ಷೇರು ಶೇ 27ರಷ್ಟು ಕುಸಿಯಿತು. ಕ್ರಾಫ್ಟ್‌ಗೆ ಜಾಸ್ತಿ ದುಡ್ಡು ಕೊಟ್ಟುಬಿಟ್ಟೆವು ಅಂತ ಬಫೆಟ್ ಅವರೇ ಒಪ್ಪಿಕೊಂಡರು. 2025ರಲ್ಲಿ ಮತ್ತೆ 930 ಕೋಟಿ ಡಾಲರ್ ಅಳಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಕಂಪನಿಯನ್ನು ಎರಡು ಹೋಳು ಮಾಡುತ್ತೇವೆ ಅಂತ ಪ್ರಕಟಿಸಿದರು.

ಜ್ವರಕ್ಕೆ ದಿನಾಂಕ ಇರುತ್ತದೆ. ಇಂಥ ದಿನ ಬಂತು, ಇಂಥ ಕಾರಣಕ್ಕೆ ಬಂತು ಅಂತ ಬೆರಳಿಟ್ಟು ತೋರಿಸಬಹುದು. ಸವೆಸುವ ಕಾಯಿಲೆಗೆ ದಿನಾಂಕ ಇಲ್ಲ. ‘ಯಾವಾಗಿನಿಂದ ಹೀಗೆ’ ಅಂತ ಕೇಳಿ ಉತ್ತರ ಸಿಗದಿದ್ದರೆ ಅದು ಎರಡನೆಯದು. ಮೂರನೆಯದಾದ ಸಾಲದ ಲೆಕ್ಕ ಹಂತ 5ರಲ್ಲಿದೆ.

ಹಂತ 3: ಅಂಗಡಿಗೆ ಹೋಗಿ

ಮನೆ ಹತ್ತಿರದ ದಿನಸಿ ಅಂಗಡಿ, ಒಂದು ಸೂಪರ್ ಮಾರ್ಕೆಟ್, ಆಗುವುದಾದರೆ ಊರಿನ ಕಡೆಯ ಒಂದು ಪುಟ್ಟ ಅಂಗಡಿ, ಇಷ್ಟು ಸಾಕು.

ತಯಾರಾದ ತಾರೀಖು ನೋಡಿ. ಆರು ತಿಂಗಳು ಬಾಳುವ ಮಾಲಿನಲ್ಲಿ ನಾಲ್ಕು ತಿಂಗಳು ಹಳೆಯದೇ ಎಲ್ಲ ಕಡೆ ಕೂತಿದ್ದರೆ ಮಾಲು ಓಡುತ್ತಿಲ್ಲ ಅಂತಲೇ ಅರ್ಥ. ಆಮೇಲೆ ತೂಕ ನೋಡಿ. 5 ರೂಪಾಯಿ, 10 ರೂಪಾಯಿ ಪೊಟ್ಟಣದಲ್ಲಿ ಬೆಲೆ ಏರಿಸಲು ಆಗುವುದಿಲ್ಲ. ಹಾಗಾಗಿ ಗ್ರಾಂ ಇಳಿಸುತ್ತಾರೆ. ಪಕ್ಕದ ಕಂಪನಿಗಿಂತ ಇವರ ಪೊಟ್ಟಣ ಜಾಸ್ತಿ ತೆಳ್ಳಗಾಗಿದ್ದರೆ ಗಿರಾಕಿ ಅದನ್ನು ನಿಮಗಿಂತ ಮೊದಲೇ ಗಮನಿಸಿರುತ್ತಾನೆ.

ಅಂಗಡಿಯವರನ್ನು ಮಾತಾಡಿಸುವಾಗ ‘ಈ ಬ್ರ್ಯಾಂಡ್ ಹೆಂಗೆ ಹೋಗ್ತಿದೆ’ ಅಂತ ಕೇಳಬೇಡಿ, ‘ಪರ್ವಾಗಿಲ್ಲ’ ಅಂದು ಕಳಿಸುತ್ತಾರೆ. ‘ಡೇಟ್ ಮುಗಿದ ಮಾಲು ವಾಪಸ್ ತಗೋತಾರಾ ಅಣ್ಣಾ?’ ಅಂತ ಕೇಳಿ. ಕಂಪನಿಗೆ ದುಡ್ಡಿನ ಮುಗ್ಗಟ್ಟು ಬಂದಾಗ ಮೊದಲು ನಿಲ್ಲುವುದು ಇದೇ. ಅಂಗಡಿಯವರಿಗೆ ಇದರ ಮೇಲೆ ಸಿಟ್ಟಿದ್ದರೆ ಕೇಳದೆಯೇ ಹತ್ತು ವಿಷಯ ಹೇಳುತ್ತಾರೆ: ಸೇಲ್ಸ್‌ನವನು ಬಂದು ತಿಂಗಳಾಯಿತು, ಸ್ಕೀಮ್ ದುಡ್ಡು ಬಂದಿಲ್ಲ, ಡಿಸ್ಟ್ರಿಬ್ಯೂಟರ್ ಬಿಟ್ಟುಹೋದ.

ಒಂದೂರಿನ ಅಂಗಡಿ ಇಡೀ ದೇಶವಲ್ಲ, ಅದು ಲೆಕ್ಕದಲ್ಲಿರಲಿ. ಕಂಪನಿಯ ಮಾರಾಟ ಬಿಹಾರದಲ್ಲಿದ್ದರೆ ಜಯನಗರದ ಅಂಗಡಿ ಏನು ಹೇಳೀತು?

ಹಂತ 4: ವರದಿಯನ್ನು ಹಿಂದಿನಿಂದ ಓದಿ

ವಾರ್ಷಿಕ ವರದಿಯ ಮುಂದಿನ ಪುಟಗಳಲ್ಲಿ ನಗುವ ಮಕ್ಕಳು, ಹಸಿರು ಹೊಲ, ಅಧ್ಯಕ್ಷರ ಪತ್ರ ಇರುತ್ತವೆ. ಬಿಡಿ. ನೇರ ನಗದು ಹರಿವಿನ ಪಟ್ಟಿಗೆ ಹೋಗಿ. ಐದು ವರ್ಷದ ಲಾಭ ಕೂಡಿಸಿ, ಐದು ವರ್ಷದಲ್ಲಿ ವ್ಯಾಪಾರದಿಂದ ನಿಜಕ್ಕೂ ಕೈಗೆ ಬಂದ ದುಡ್ಡು ಕೂಡಿಸಿ. ಲಾಭ 100 ಕೋಟಿ, ಬಂದ ದುಡ್ಡು 20 ಕೋಟಿ ಅಂದರೆ ಉಳಿದ 80 ಎಲ್ಲೋ ಸಿಕ್ಕಿಕೊಂಡಿದೆ. ಗೋದಾಮಿನಲ್ಲೋ, ಡಿಸ್ಟ್ರಿಬ್ಯೂಟರ್ ಬಾಕಿಯಲ್ಲೋ, ಅಥವಾ ಕಾಗದದ ಮೇಲೆ ಮಾತ್ರವೋ.

ತಿಂಡಿ ವ್ಯಾಪಾರದಲ್ಲಿ ಬಾಕಿ ಬೆಳೆಯುವುದು ಕೆಟ್ಟ ಸೂಚನೆ. ಒಳ್ಳೆ ಬ್ರ್ಯಾಂಡಿಗೆ ಡಿಸ್ಟ್ರಿಬ್ಯೂಟರ್ ಮುಂಗಡ ಕಟ್ಟಿ ಮಾಲು ಎತ್ತುತ್ತಾನೆ. ಬಾಕಿ ದಿನಗಳು (ಮಾಲು ಕೊಟ್ಟ ಮೇಲೆ ದುಡ್ಡು ಬರಲು ಹಿಡಿಯುವ ದಿನ) 15ರಿಂದ 60ಕ್ಕೆ ಏರಿದ್ದರೆ ಮಾರ್ಚ್ ಕೊನೆಯಲ್ಲಿ ಗುರಿ ಮುಟ್ಟಿಸಲು ಅವನ ಗೋದಾಮಿಗೆ ಮಾಲು ತುರುಕಿರಬಹುದು. ಏಪ್ರಿಲ್, ಮೇನಲ್ಲಿ ಅದು ವಾಪಸ್ ಬರುತ್ತದೆ.

ಮಾರಾಟ ಶೇ 8 ಏರಿದೆ ಅಂದಾಗ ತೂಕದ ಲೆಕ್ಕದಲ್ಲಿ ಎಷ್ಟು, ಬೆಲೆ ಏರಿಸಿದ್ದರಿಂದ ಎಷ್ಟು ಅಂತ ಬೇರೆ ಮಾಡಿ. ಬೆಲೆಯ ಏರಿಕೆ ಕಾಯಿಲೆಯನ್ನು ಮುಚ್ಚುತ್ತದೆ. ಕಚ್ಚಾ ಮಾಲಿನ ಹೊಡೆತವನ್ನೂ ಬೇರೆಯಾಗಿ ನೋಡಿ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ ಎಣ್ಣೆಯ ಆಮದು ಸುಂಕ ಶೇ 5.5ರಿಂದ 27.5ಕ್ಕೆ ಏರಿತು. ಬಿಸ್ಕೆಟ್, ನೂಡಲ್ಸ್, ಚಿಪ್ಸ್ ಮಾಡುವ ಎಲ್ಲರಿಗೂ ಪೆಟ್ಟು ಬಿತ್ತು. 2025ರ ಮೇ ಕೊನೆಗೆ ಅದನ್ನು ಶೇ 16.5ಕ್ಕೆ ಇಳಿಸಿದರು. ಅದೇ ಸೆಪ್ಟೆಂಬರ್ 22ರಿಂದ ಬಿಸ್ಕೆಟ್, ನೂಡಲ್ಸ್, ಖಾರದ ತಿಂಡಿಗಳ ಜಿಎಸ್‌ಟಿ ಶೇ 5ಕ್ಕೆ ಬಂತು. ಇಂಥ ಹೊಡೆತ, ಇಂಥ ಅನುಕೂಲ ಎಲ್ಲರಿಗೂ ಒಂದೇ. ಸುಂಕ ಇಳಿದ ಮೇಲೂ ನಿಮ್ಮ ಕಂಪನಿ ಮಾತ್ರ ಚೇತರಿಸಿಕೊಂಡಿಲ್ಲ ಅಂದರೆ ‘ಎಣ್ಣೆ ರೇಟು’ ಅನ್ನುವುದು ನೆಪ.

ನನ್ನ ಅನುಭವದಲ್ಲಿ ಅತಿ ಉಪಯೋಗದ ಕಾಗದ ವಾರ್ಷಿಕ ವರದಿಯಲ್ಲ, ಕಂಪನಿ ಸಾಲ ತೀರಿಸಬಲ್ಲದಾ ಅಂತ ಅಳೆಯುವ ರೇಟಿಂಗ್ ಸಂಸ್ಥೆಯ ಟಿಪ್ಪಣಿ. ಕ್ರಿಸಿಲ್, ಇಕ್ರಾ, ಕೇರ್ ಇವರ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಬ್ಯಾಂಕ್ ಕೊಟ್ಟ ಸಾಲದ ಮಿತಿಯಲ್ಲಿ ಎಷ್ಟು ಬಳಸಿಯಾಗಿದೆ, ಮುಂದಿನ ವರ್ಷ ಎಷ್ಟು ಕಂತು ಕಟ್ಟಬೇಕು, ತಡ ಮಾಡಿದ್ದಾರಾ ಅಂತ ಸಪ್ಪೆ ಭಾಷೆಯಲ್ಲಿ ಬರೆದಿರುತ್ತಾರೆ. ‘ಕಂಪನಿ ಸಹಕರಿಸುತ್ತಿಲ್ಲ’ ಅಂತ ರೇಟಿಂಗ್ ಸಂಸ್ಥೆ ಬರೆದಿದ್ದರೆ ದೂರ ಇರಿ. ಮಾಲೀಕರು ಷೇರು ಅಡ ಇಟ್ಟಿದ್ದಾರಾ ಅನ್ನುವುದು ಪ್ರತಿ ತ್ರೈಮಾಸಿಕ ಬಿಎಸ್‌ಇ, ಎನ್‌ಎಸ್‌ಇ ಷೇರುಪೇಟೆಗಳ ಜಾಲತಾಣದಲ್ಲಿ ಬರುತ್ತದೆ. ಆಡಿಟರ್ ಅವಧಿ ಮುಗಿಯುವ ಮೊದಲೇ ಬಿಟ್ಟುಹೋಗಿದ್ದರೆ ರಾಜೀನಾಮೆ ಪತ್ರವೂ ಅಲ್ಲೇ ಇರುತ್ತದೆ. ತಪ್ಪದೆ ಓದಿ.

ಹಂತ 5: ಸಾಲದ ಲೆಕ್ಕ

ಇಲ್ಲಿ ಪೆನ್ನು, ಕಾಗದ ಬೇಕು. ಒಂದು ಊಹೆಯ ಕಂಪನಿ ತಗೊಳ್ಳೋಣ. 5 ಕೋಟಿ ಷೇರುಗಳಿವೆ, ಒಂದರ ಬೆಲೆ 40 ರೂಪಾಯಿ. ಷೇರುಗಳ ಒಟ್ಟು ಬೆಲೆ 200 ಕೋಟಿ. ಬ್ಯಾಂಕ್ ಸಾಲ 300 ಕೋಟಿ. ಅಂದರೆ ಪೇಟೆ ಈ ವ್ಯಾಪಾರಕ್ಕೆ ಕಟ್ಟಿರುವ ನಿಜವಾದ ಬೆಲೆ 500 ಕೋಟಿ. ‘200 ಕೋಟಿಗೆ ಇಂಥ ಬ್ರ್ಯಾಂಡ್ ಸಿಗ್ತಿದೆ’ ಅನ್ನುವವರು ಸಾಲ ಮರೆತು ಮಾತಾಡುತ್ತಿದ್ದಾರೆ.

ಮಾರಾಟ 800 ಕೋಟಿ ಇರಲಿ. ಬಡ್ಡಿ, ಸವಕಳಿ, ತೆರಿಗೆಗೆ ಮೊದಲು ಉಳಿಯುವುದು ಶೇ 6, ಅಂದರೆ 48 ಕೋಟಿ. ಸವಕಳಿ (ಯಂತ್ರಗಳು ಸವೆದದ್ದಕ್ಕೆ ಕಳೆಯುವ ಮೊತ್ತ) 20 ಕೋಟಿ ಕಳೆದರೆ 28. ಶೇ 11ರಂತೆ ಬಡ್ಡಿಯೇ 33 ಕೋಟಿ. 5 ಕೋಟಿ ನಷ್ಟ. ಆ 28 ಕೋಟಿ ಬಡ್ಡಿಗೇ ಸಾಲದು, ಅಸಲು ಎಲ್ಲಿಂದ?

ಈಗ ಮೂರು ದಾರಿ ನೋಡಿ.

ಒಂದು, ಕಂಪನಿ ಚೇತರಿಸಿಕೊಂಡು ಉಳಿಕೆ ಶೇ 9 ಆಯಿತು, 72 ಕೋಟಿ. ಅದರ ಹತ್ತು ಪಟ್ಟು ಬೆಲೆ ಕಟ್ಟಿದರೆ 720 ಕೋಟಿ. ಸಾಲ ಕಳೆದು 420. ಷೇರಿಗೆ 84 ರೂಪಾಯಿ. ದುಡ್ಡು ದುಪ್ಪಟ್ಟು. ಯೂಟ್ಯೂಬ್‌ನಲ್ಲಿ ತೋರಿಸುವುದು ಈ ಲೆಕ್ಕ ಮಾತ್ರ.

ಎರಡು, ಚೇತರಿಕೆ ಅಷ್ಟೇ ಆಯಿತು. ಆದರೆ ಅಲ್ಲಿಯವರೆಗೆ ಬ್ಯಾಂಕ್ ಕಾಯಲಿಲ್ಲ. ಕಂಪನಿ 30 ರೂಪಾಯಿಯಂತೆ ಇನ್ನೂ 5 ಕೋಟಿ ಷೇರು ಹಂಚಿ 150 ಕೋಟಿ ಸಾಲ ತೀರಿಸಿತು. ಈಗ 720ರಲ್ಲಿ 150 ಕಳೆದರೆ 570, ಷೇರು 10 ಕೋಟಿ. ಒಂದಕ್ಕೆ 57 ರೂಪಾಯಿ. ಕಂಪನಿ ಅಷ್ಟೇ ಚೆನ್ನಾಗಿ ಎದ್ದಿದೆ, ನಿಮ್ಮ ಪಾಲು ಮಾತ್ರ ಅರ್ಧ. ಮೂರು ನಾಲ್ಕು ವರ್ಷ ಕಾದು 40ಕ್ಕೆ 57 ಬಂದರೆ ಅಷ್ಟು ಅಪಾಯಕ್ಕೆ ಅದು ದೊಡ್ಡ ಲಾಭವೇನಲ್ಲ.

ಮೂರು, ಉಳಿಕೆ ಶೇ 4ಕ್ಕೆ ಇಳಿಯಿತು, 32 ಕೋಟಿ. ಎಂಟು ಪಟ್ಟಿಗೆ ಕೊಳ್ಳುವವರು ಸಿಕ್ಕರು ಅಂದುಕೊಳ್ಳಿ, 256 ಕೋಟಿ. ಸಾಲವೇ 300. ಷೇರುದಾರರಿಗೆ ಸೊನ್ನೆ. ಉಳಿಕೆಯಲ್ಲಿ ಇಳಿದದ್ದು ಬರೀ ಎರಡು ಶೇಕಡಾ!

ನಿಮ್ಮ ಕಂಪನಿಗೆ ಈ ಮೂರನ್ನೂ ಹಾಕಿ ನೋಡಿ. ಎರಡನೆಯದರಲ್ಲೂ ನಿಮಗೆ ಒಪ್ಪುವಷ್ಟು ಲಾಭ ಬಂದರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ.

ಹಂತ 6: ದಿವಾಳಿ ನ್ಯಾಯಾಲಯಕ್ಕೆ ಹೋದರೆ ಏನಾಗುತ್ತದೆ?

ರುಚಿ ಸೋಯಾ ನೆನಪಿದೆಯಾ? ನ್ಯೂಟ್ರೆಲಾ ಸೋಯಾ, ಅಡುಗೆ ಎಣ್ಣೆ ಮಾರುವ ಕಂಪನಿ. 2017ರ ಡಿಸೆಂಬರ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2019ರಲ್ಲಿ ಪತಂಜಲಿ 4,350 ಕೋಟಿಗೆ ಕೊಂಡಿತು. ಕಂಪನಿ ಎದ್ದು ನಿಂತಿತು. ಇವತ್ತು ಪತಂಜಲಿ ಫುಡ್ಸ್ ಅನ್ನುವ ಹೆಸರಿನಲ್ಲಿ ಚೆನ್ನಾಗಿಯೇ ಇದೆ.

ಹಳೇ ಷೇರುದಾರರಿಗೆ? ಪ್ರತಿ 100 ಷೇರಿಗೆ 1 ಷೇರು ಉಳಿಯಿತು. 50 ರೂಪಾಯಿಗೆ ಒಂದರಂತೆ ಕೊಂಡವನಿಗೆ ಹೊಸ ಷೇರಿನ ಅಸಲು 5,000 ರೂಪಾಯಿ ಆಯಿತು ಅಂತ ಲೆಕ್ಕ. 2020ರ ಜನವರಿಯಲ್ಲಿ ಮತ್ತೆ ಪೇಟೆಗೆ ಬಂದಾಗ ಬೆಲೆ 17 ರೂಪಾಯಿ ಆಸುಪಾಸು. ಜೂನ್ ಕೊನೆಗೆ 1,500! ‘ಪವಾಡ’ ಅಂತ ಎಷ್ಟೋ ಜನ ಆಗ ನುಗ್ಗಿದರು. ಜನರ ಕೈಯಲ್ಲಿದ್ದದ್ದು ಒಟ್ಟು ಷೇರಿನ ಶೇ 1ಕ್ಕಿಂತ ಕಡಿಮೆ. ಮಾರುವವರೇ ಇಲ್ಲದ ಕಡೆ ಬೆಲೆಗೆ ಏನು ಅರ್ಥ? 2022ರ ಮಾರ್ಚ್‌ನಲ್ಲಿ ಕಂಪನಿಯೇ ಜನರಿಗೆ 650 ರೂಪಾಯಿಯಂತೆ ಹೊಸ ಷೇರು ಮಾರಿತು.

ಇಲ್ಲಿ ಯಾರದೂ ಕಿತಾಪತಿ ಇಲ್ಲ, ಕಾನೂನು ಇರುವುದೇ ಹೀಗೆ. ಕಂಪನಿ ಮುಚ್ಚಿ ಮಾರಿದರೆ ಬಂದ ದುಡ್ಡು ಮೊದಲು ಪ್ರಕ್ರಿಯೆಯ ಖರ್ಚಿಗೆ. ಆಮೇಲೆ ಕಾರ್ಮಿಕರ ಬಾಕಿ ಮತ್ತು ಅಡಮಾನ ಇಟ್ಟುಕೊಂಡ ಬ್ಯಾಂಕುಗಳಿಗೆ. ಆಮೇಲೆ ಉಳಿದ ನೌಕರರು, ಅಡಮಾನವಿಲ್ಲದ ಸಾಲ ಕೊಟ್ಟವರು, ಸರ್ಕಾರ. ಸಾಮಾನ್ಯ ಷೇರುದಾರ ಸಾಲಿನ ಕಟ್ಟಕಡೆ ನಿಂತಿರುತ್ತಾನೆ. ಬ್ಯಾಂಕುಗಳಿಗೇ ಪೂರ್ತಿ ಸಿಗದಿದ್ದಾಗ ಅವನವರೆಗೆ ಬಟ್ಟಲು ಬರುವುದಿಲ್ಲ. ಆದ್ದರಿಂದ ದಿವಾಳಿ ಪ್ರಕ್ರಿಯೆ ಶುರುವಾದ ಕಂಪನಿಯನ್ನು ‘ದೊಡ್ಡವರು ಕೊಳ್ತಾರಂತೆ’ ಅನ್ನುವ ಸುದ್ದಿ ನಂಬಿ ಕೊಳ್ಳಬೇಡಿ. ದೊಡ್ಡವರು ಕೊಂಡರೂ ಅವರು ಕೊಳ್ಳುವುದು ಕಂಪನಿಯನ್ನು, ನಿಮ್ಮ ಷೇರನ್ನಲ್ಲ.

ಹಂತ 7: ಡಿವಿಡೆಂಡ್ ನೋಡಿ ಮರುಳಾಗಬೇಡಿ

ಡಿವಿಡೆಂಡ್ ಅಂದರೆ ಕಂಪನಿ ಷೇರುದಾರರಿಗೆ ಹಂಚುವ ಲಾಭದ ಪಾಲು. ಬಿದ್ದ ಷೇರಿನಲ್ಲಿ, ಬೆಲೆಗೆ ಹೋಲಿಸಿದ ಅದರ ಶೇಕಡಾವಾರು ತಾನಾಗಿಯೇ ದೊಡ್ಡದಾಗಿ ಕಾಣುತ್ತದೆ. ಕ್ರಾಫ್ಟ್ ಹೈಂಜ್‌ಗೇ ವಾಪಸ್ ಬರೋಣ. 2019ರಲ್ಲಿ ತ್ರೈಮಾಸಿಕ ಡಿವಿಡೆಂಡನ್ನು 62.5 ಸೆಂಟ್‌ನಿಂದ 40 ಸೆಂಟ್‌ಗೆ ಇಳಿಸಿದರು. 2025ರ ಕೊನೆಯವರೆಗೂ ಅದು ಹಾಗೆಯೇ ಇತ್ತು. ಆ ಕುಸಿತದ ಮರುದಿನ ಸುಮಾರು 35 ಡಾಲರಿಗೆ ‘ಅಗ್ಗ’ ಅಂತ ಕೊಂಡವನಿಗೆ 2025ರ ಕೊನೆಯವರೆಗೆ ಸುಮಾರು 11 ಡಾಲರ್ ಡಿವಿಡೆಂಡ್ ಬಂತು. ಷೇರು 25ರ ಆಸುಪಾಸಿಗೆ ಇಳಿದು 10 ಡಾಲರ್ ಹೋಯಿತು. ಸುಮಾರು ಏಳು ವರ್ಷ ಕಾದದ್ದಕ್ಕೆ ಕೈಯಲ್ಲಿ ಉಳಿದದ್ದು ಒಂದು ಡಾಲರ್. ಶೇ 27 ಬಿದ್ದ ಮೇಲೂ ಷೇರು ದುಬಾರಿಯೇ ಆಗಿತ್ತು ಅಂತಾಯಿತು, ಅಲ್ವಾ?

ಹಂತ 8: ಕೊಳ್ಳುವುದೇ ಆದರೆ

ಇಷ್ಟೆಲ್ಲ ದಾಟಿ ಬರುವ ಕಂಪನಿ ಬಹಳ ಕಡಿಮೆ. ಬಂದರೆ, ತಳದಲ್ಲೇ ಹಿಡಿಯುವ ಆಸೆ ಬಿಡಿ. ಎರಡು ತ್ರೈಮಾಸಿಕ ತೂಕದ ಲೆಕ್ಕದಲ್ಲಿ ಮಾರಾಟ ಏರಲಿ, ಸಾಲ ಇಳಿಯಲಿ. ಅಷ್ಟರಲ್ಲಿ 40ರ ಷೇರು 55 ಆಗಿರಬಹುದು. ಆಗಲಿ. ಆ 15 ರೂಪಾಯಿ ‘ಸೊನ್ನೆಯಾಗುವುದಿಲ್ಲ’ ಅನ್ನುವ ಧೈರ್ಯಕ್ಕೆ ಕೊಟ್ಟ ಬೆಲೆ. ನನಗಂತೂ ಅದು ದುಬಾರಿ ಅನ್ನಿಸಿಲ್ಲ.

ಒಟ್ಟು ಹೂಡಿಕೆಯಲ್ಲಿ ಶೇ 2-3ಕ್ಕಿಂತ ಜಾಸ್ತಿ ಬೇಡ. ಸಾಲ ಮಾಡಿ ಅಂತೂ ಬೇಡವೇ ಬೇಡ. ಇಳಿದಂತೆಲ್ಲ ಕೊಂಡು ಸರಾಸರಿ ಮಾಡುವ ಅಭ್ಯಾಸ ಒಳ್ಳೆ ಕಂಪನಿಗೆ ಸರಿ, ಇಂಥದಕ್ಕಲ್ಲ.

ಕೊಳ್ಳುವ ದಿನವೇ ಯಾವಾಗ ಮಾರುತ್ತೇನೆ ಅಂತ ಬರೆದಿಡಿ. ಬೆಲೆ ಬರೆಯಬೇಡಿ, ಸಂಗತಿ ಬರೆಯಿರಿ: ಆಡಿಟರ್ ಬಿಟ್ಟುಹೋದರೆ, ಕಂತು ತಪ್ಪಿದರೆ, ಮಾಲೀಕರು ಇನ್ನಷ್ಟು ಷೇರು ಅಡ ಇಟ್ಟರೆ, ಮುಖ್ಯ ಬ್ರ್ಯಾಂಡನ್ನೇ ಮಾರಿದರೆ. ಇವುಗಳಲ್ಲಿ ಒಂದು ಆದರೂ ಆ ವಾರವೇ ಹೊರಗೆ. ನಷ್ಟವಾದರೆ ರಿಟರ್ನ್ಸ್ ಗಡುವಿನೊಳಗೆ ತೋರಿಸಿ. ಅದನ್ನು ಮುಂದಿನ 8 ವರ್ಷ ಬೇರೆ ಷೇರಿನ ಲಾಭಕ್ಕೆ ಹೊಂದಿಸಿಕೊಳ್ಳಬಹುದು. ಆದರೆ ಅದಕ್ಕೆ ಷೇರು ಮಾರಿರಬೇಕು. ವಹಿವಾಟು ನಿಂತುಹೋದ ಮೇಲೆ ಪೇಟೆಯಲ್ಲಿ ಒಂದು ರೂಪಾಯಿಗೂ ಮಾರಲು ಆಗುವುದಿಲ್ಲ.